ಗೋಲ್ಡ್ ಫಿಶ್ ತೊಟ್ಟಿಗೆ ಯಾವ ಮೀನು ಹೊಂದುತ್ತೆ, ಯಾವುದು ಬೇಡವೇ ಬೇಡ?



ಹನಿ ನೀರಾವರಿ ಬಂದ ಮೇಲೆ ಎಷ್ಟೋ ತೋಟಗಳಲ್ಲಿ ಹಳೇ ಸಿಮೆಂಟ್ ತೊಟ್ಟಿಗೆ ಕೆಲಸ ಇಲ್ಲದಂತಾಗಿದೆ. ಈಗ ಅಂಥ ತೊಟ್ಟಿ ಇಣುಕಿ ನೋಡಿದರೆ ಒಳಗೆ ನಾಲ್ಕೈದು ಕೆಂಪು ಮೀನು ಓಡಾಡ್ತಾ ಇರುತ್ತವೆ. ಮಕ್ಕಳ ಆಸೆಗೆ ಬಿಟ್ಟವರಿದ್ದಾರೆ, ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟವರಿದ್ದಾರೆ, ನರ್ಸರಿ ಜೊತೆಗೆ ಒಂದಿಷ್ಟು ಮೀನು ಮಾರೋಣ ಅಂತ ಶುರು ಮಾಡಿದ ಹುಡುಗರೂ ಇದ್ದಾರೆ. ಇವರೆಲ್ಲರೂ ಎರಡು ತಿಂಗಳಾದ ಮೇಲೆ ಕೇಳೋ ಪ್ರಶ್ನೆ ಮಾತ್ರ ಒಂದೇ: "ಸರ್, ತೊಟ್ಟಿ ಖಾಲಿ ಖಾಲಿ ಅನ್ಸುತ್ತೆ. ಇದರ ಜೊತೆಗೆ ಇನ್ನೇನು ಬಿಡಬಹುದು?"

ನಾನು ಓದಿದ್ದು ತೋಟಗಾರಿಕೆ, ಬದುಕು ನಡೆಯೋದು ಸಾವಯವ ತರಕಾರಿಯಿಂದ. ಮೀನಿನ ತೊಟ್ಟಿ ಇಟ್ಟಿರೋದು ಅದರ ನೀರು ಸೊಪ್ಪಿನ ಮಡಿಗೆ ಚೆನ್ನಾಗಿ ಹೊಂದುತ್ತೆ ಅಂತ. ಹಾಗಾಗಿ ಈ ಪ್ರಶ್ನೆಯನ್ನ ನಾನು ಮಿಶ್ರ ಬೆಳೆ ಲೆಕ್ಕದಲ್ಲೇ ನೋಡ್ತೀನಿ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕ್ತೀವಿ, ಕಬ್ಬು ಹಾಕಲ್ಲ. ಬೇರು, ನೆರಳು, ನೀರು, ಅವಧಿ ಹೊಂದಬೇಕು. ಮೀನಿಗೂ ಅದೇ ನಿಯಮ. ಬಣ್ಣ ನೋಡಿ ಜೋಡಿ ಮಾಡಿದರೆ ಮೀನೂ ಹೋಗುತ್ತೆ, ದುಡ್ಡೂ ಹೋಗುತ್ತೆ. ಒಂದೊಂದು ಸಲ ಊರ ಕೆರೆಗೂ ತೊಂದರೆ ತರುತ್ತೆ.

ಮೊದಲು ಗೋಲ್ಡ್ ಫಿಶ್ ಸ್ವಭಾವ ತಿಳಿಯಿರಿ

ಗೋಲ್ಡ್ ಫಿಶ್ ಗೆಂಡೆ ಜಾತಿಯ ಮೀನು. ನಮ್ಮ ಹೊಂಡದ ಸಾಮಾನ್ಯ ಗೆಂಡೆಗೆ ಹತ್ತಿರದ ಸಂಬಂಧಿ. ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಸಾಕಿ, ಆರಿಸಿ, ಬಣ್ಣ ಮತ್ತು ಆಕಾರ ತಂದಿದ್ದಾರೆ. ಇದರ ಮೂರು ಗುಣ ನೆನಪಿಟ್ಟುಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಒಂದು, ಇದು ತಂಪು ನೀರಿನ ಮೀನು. 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. ಅದಕ್ಕಿಂತ ಬಿಸಿಯನ್ನ ತಡೆದುಕೊಳ್ಳುತ್ತೆ, ಆದರೆ ನೀರು ಬಿಸಿ ಆದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಮ್ಮಿ ಆಗುತ್ತೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯೋ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ ಹಿಡಿಯುತ್ತೆ.

ಎರಡು, ಇದಕ್ಕೆ ಹೊಟ್ಟೆ ಅನ್ನೋ ಚೀಲವೇ ಇಲ್ಲ. ತಿಂದಿದ್ದು ನೇರ ಕರುಳಿಗೆ. ದಿನವಿಡೀ ತಿನ್ನುತ್ತೆ, ದಿನವಿಡೀ ಹೊಲಸು ಮಾಡುತ್ತೆ. ಹೀಗಾಗಿ ತೊಟ್ಟಿಯಲ್ಲಿ ಅಮೋನಿಯ ಬೇಗ ಏರುತ್ತೆ.

ಮೂರು, ಇದು ಜಗಳಗಂಟ ಅಲ್ಲ, ಆದರೆ ಬಾಯಿಗೆ ಹಿಡಿಸಿದ್ದನ್ನ ಬಿಡಲ್ಲ. ಅಂಗಡಿಯಲ್ಲಿ ಎರಡು ಇಂಚು ಇದ್ದ ಮರಿ ಚೆನ್ನಾಗಿ ಸಾಕಿದರೆ 15–20 ಸೆಂಟಿಮೀಟರ್ ಆಗುತ್ತೆ. ಉದ್ದ ದೇಹದ ಕಾಮೆಟ್ ಜಾತಿ ಇನ್ನೂ ದೊಡ್ಡದಾಗುತ್ತೆ. ಹತ್ತು ವರ್ಷಕ್ಕೂ ಮೇಲೆ ಬದುಕುತ್ತೆ. ಇವತ್ತಿನ ಮರಿ ನೋಡಿ ಜೊತೆಗಾರನ್ನ ಆರಿಸಬೇಡಿ. ಎರಡು ವರ್ಷ ಬಿಟ್ಟು ಅದರ ಬಾಯಿ ಎಷ್ಟು ದೊಡ್ಡದಿರುತ್ತೆ ಅಂತ ಲೆಕ್ಕ ಹಾಕಿ.

ಕೊಳ್ಳೋ ಮೊದಲು ಕೇಳಬೇಕಾದ ಐದು ಪ್ರಶ್ನೆ

ಅಂಗಡಿಯಲ್ಲಿ ಯಾವ ಮೀನು ತೋರಿಸಿದರೂ ಈ ಐದು ಪ್ರಶ್ನೆ ಕೇಳಿಕೊಳ್ಳಿ. ಒಂದಕ್ಕೆ "ಇಲ್ಲ" ಬಂದರೂ ಬೇಡ ಅನ್ನಿ.

1. ತಂಪು ನೀರಿನಲ್ಲಿ, ಹೀಟರ್ ಇಲ್ಲದೆ ಬದುಕುತ್ತಾ?
2. ಗೋಲ್ಡ್ ಫಿಶ್ ಬಾಯಿಗೆ ಹಿಡಿಸದಷ್ಟು ದೊಡ್ಡದಾ, ಅಥವಾ ತಪ್ಪಿಸಿಕೊಳ್ಳುವಷ್ಟು ಚುರುಕಾ?
3. ರೆಕ್ಕೆ ಕಚ್ಚೋ, ಮೈ ಹೀರೋ ಚಾಳಿ ಇಲ್ಲವಾ?
4. ಗಡಸು ನೀರಿಗೆ ಒಗ್ಗುತ್ತಾ? ಗೋಲ್ಡ್ ಫಿಶ್‌ಗೆ ರಸಸಾರ 7ರಿಂದ 8ರ ನಡುವೆ ಇರೋ ಗಡಸು ನೀರು ಸರಿಹೋಗುತ್ತೆ. ನಮ್ಮ ಬಯಲುಸೀಮೆಯ ಹೆಚ್ಚಿನ ಬೋರ್‌ವೆಲ್ ನೀರು ಗಡಸೇ.
5. ಪೂರ್ತಿ ಬೆಳೆದ ಮೇಲೂ ನನ್ನ ತೊಟ್ಟಿಯಲ್ಲಿ ಅದಕ್ಕೆ ಜಾಗ ಇದೆಯಾ?

ಎಲ್ಲಕ್ಕಿಂತ ಒಳ್ಳೆ ಜೊತೆ ಇನ್ನೊಂದು ಗೋಲ್ಡ್ ಫಿಶ್

ಗೋಲ್ಡ್ ಫಿಶ್ ಗುಂಪಲ್ಲಿ ಇರೋ ಮೀನು, ತನ್ನ ಜಾತಿಯ ಜೊತೆಗೇ ಚೆನ್ನಾಗಿರುತ್ತೆ. ಆದರೆ ಇಲ್ಲೂ ಎರಡು ಪಂಗಡ ಇದೆ, ಇದನ್ನ ತುಂಬಾ ಜನ ಗಮನಿಸಲ್ಲ.

ಉದ್ದ ದೇಹ, ಒಂದೇ ಬಾಲದ ಸಾಮಾನ್ಯ ಗೋಲ್ಡ್ ಫಿಶ್, ಕಾಮೆಟ್, ಶುಬುಂಕಿನ್ ಒಂದು ಪಂಗಡ. ಇವು ಓಟಗಾರರು. ದುಂಡು ದೇಹ, ಜೋಡಿ ಬಾಲದ ಒರಾಂಡಾ, ರಯುಕಿನ್, ಬ್ಲ್ಯಾಕ್ ಮೂರ್, ರಾಂಚು, ಬಬಲ್ ಐ ಇನ್ನೊಂದು ಪಂಗಡ. ಇವು ನಿಧಾನ, ಕೆಲವಕ್ಕೆ ಕಣ್ಣೂ ಮಂಜು. ಎರಡೂ ಪಂಗಡವನ್ನ ಒಂದೇ ತೊಟ್ಟಿಗೆ ಬಿಟ್ಟರೆ ಆಹಾರ ಹಾಕಿದ ಅರ್ಧ ನಿಮಿಷದಲ್ಲಿ ಕಾಮೆಟ್ ಎಲ್ಲವನ್ನೂ ಮುಗಿಸಿರುತ್ತೆ, ರಾಂಚು ಇನ್ನೂ ತಿರುಗ್ತಾ ಇರುತ್ತೆ. ಒಂದು ಕೊಬ್ಬುತ್ತೆ, ಇನ್ನೊಂದು ಸೊರಗುತ್ತೆ.

ದುಂಡು ಮೀನುಗಳಲ್ಲೂ ಬಬಲ್ ಐ ಮತ್ತು ಬ್ಲ್ಯಾಕ್ ಮೂರ್ ತರಹ ಕಣ್ಣು ಸೂಕ್ಷ್ಮ ಇರೋವನ್ನ ಚುರುಕಾದ ರಯುಕಿನ್ ಜೊತೆ ಬಿಡಬೇಡಿ. ಬಬಲ್ ಐ ಕಣ್ಣಿನ ಕೆಳಗಿನ ನೀರಿನ ಚೀಲ ಒಡೆದರೆ ಸೋಂಕು ತಗುಲೋದು ಸುಲಭ. ಈ ತೊಟ್ಟಿಯಲ್ಲಿ ಚೂಪು ಕಲ್ಲೂ ಇರಬಾರದು.

ಬೇರೆ ಜಾತಿ ಬೇಕೇ ಬೇಕು ಅಂದರೆ

ಝೀಬ್ರಾ ಡ್ಯಾನಿಯೊ: ನಮ್ಮ ಭಾರತದ್ದೇ ಮೀನು. 4–5 ಸೆಂಟಿಮೀಟರ್, ಮೈಮೇಲೆ ನೀಲಿ ಗೆರೆ, ತಂಪು ತಡೆಯುತ್ತೆ, ಬಾಣದ ಹಾಗೆ ಓಡುತ್ತೆ. ಕಾಮೆಟ್ ತೊಟ್ಟಿಗೆ ಒಳ್ಳೆ ಜೊತೆ. ಆರಕ್ಕಿಂತ ಕಮ್ಮಿ ಬಿಡಬೇಡಿ, ಗುಂಪು ಇಲ್ಲದಿದ್ದರೆ ಇದೇ ಬೇರೆಯವರಿಗೆ ಕಾಟ ಕೊಡುತ್ತೆ. ತೀರಾ ಸಣ್ಣ ಮರಿ ಬಿಟ್ಟರೆ ಮಾತ್ರ ಗೋಲ್ಡ್ ಫಿಶ್ ನುಂಗಿಬಿಡುತ್ತೆ, ಬೆಳೆದವನ್ನೇ ಬಿಡಿ.

ರೋಸಿ ಬಾರ್ಬ್: ಇದೂ ಭಾರತದ ಮೀನು, ತಂಪಿಗೆ ಒಗ್ಗುತ್ತೆ. ಆರೇಳರ ಗುಂಪು ಕಾಮೆಟ್ ಜೊತೆ ಇರಬಹುದು. ಉದ್ದ ಬಾಲದ ಒರಾಂಡಾ ಜೊತೆ ಬೇಡ, ರೆಕ್ಕೆ ಕಚ್ಚೋದುಂಟು.

ಕೋಯಿ: ಸ್ವಭಾವದಲ್ಲಿ ಹೊಂದುತ್ತೆ, ಗಾತ್ರದಲ್ಲಿ ಹೊಂದಲ್ಲ. ಎರಡು ಅಡಿ ಬೆಳೆಯೋ ಮೀನು ಇದು. ಸಾವಿರಾರು ಲೀಟರ್ ಹಿಡಿಯೋ ಕೊಳ ಇದ್ದರೆ ಮಾತ್ರ ಕಾಮೆಟ್ ಜೊತೆ ಬಿಡಿ. ಇವೆರಡು ಕೂಡಿ ಮರಿ ಆಗೋದೂ ಉಂಟು, ಆದರೆ ಆ ಮಿಶ್ರ ಮರಿಗಳು ಹೆಚ್ಚಾಗಿ ಬಂಜೆ. ಮರಿ ಮಾರೋ ಯೋಚನೆ ಇದ್ದವರು ಕೋಯಿ ಬೇರೆ, ಗೋಲ್ಡ್ ಫಿಶ್ ಬೇರೆ ಇಡಿ.

ದುಂಡು ಜಾತಿ ಸಾಕೋರಿಗೆ ನನ್ನ ಸಲಹೆ ನೇರ: ಅದೇ ಜಾತಿಯವನ್ನ ಬಿಟ್ಟು ಬೇರೆ ಯಾವುದೂ ಬೇಡ.

ಬೇಡದ ಪಟ್ಟಿ

ನಿಯಾನ್ ಟೆಟ್ರಾ: ಬಿಸಿ ಮತ್ತು ಮೆದು ನೀರಿನ ಮೀನು, ಮೇಲಾಗಿ ಗೋಲ್ಡ್ ಫಿಶ್‌ಗೆ ಒಂದು ತುತ್ತು. "ನಮ್ಮ ರಾಯಚೂರಲ್ಲಿ ನೀರು ಹೇಗೂ ಬಿಸಿ ಅಲ್ವಾ, ನಡೆಯಲ್ವಾ?" ಅಂತ ಕೇಳೋರಿದ್ದಾರೆ. ಬಿಸಿಲಿನ ಲೆಕ್ಕ ಸರಿ ಅಂತಲೇ ಇಟ್ಟುಕೊಳ್ಳಿ, ಬಾಯಿಯ ಲೆಕ್ಕ ಎಲ್ಲಿಗೆ ಹೋಯ್ತು?

ಏಂಜಲ್, ಬೆಟ್ಟಾ, ಡಿಸ್ಕಸ್: ಎಲ್ಲಾ ಬಿಸಿ ನೀರಿನವು. ಅವಕ್ಕೆ ಹಿತ ಆದ ನೀರು ಗೋಲ್ಡ್ ಫಿಶ್‌ಗೆ ಕಷ್ಟ. ಏಂಜಲ್ ಬಾಲ ಕಚ್ಚುತ್ತೆ ಕೂಡ.

ಟೈಗರ್ ಬಾರ್ಬ್: ರೆಕ್ಕೆ ಹರಿಯೋದರಲ್ಲಿ ಹೆಸರುವಾಸಿ. ಹರಿದ ಬಾಲದ ಒರಾಂಡಾ ಯಾರೂ ಕೊಳ್ಳಲ್ಲ.

ಗಪ್ಪಿ, ಗಂಬೂಸಿಯಾ: ಸೊಳ್ಳೆ ನಿಯಂತ್ರಣಕ್ಕೆ ಬಾವಿ, ತೊಟ್ಟಿಗಳಿಗೆ ಬಿಡೋ ಸಣ್ಣ ಮೀನುಗಳು ಇವು. ಗಪ್ಪಿ ಮರಿಗಳನ್ನ ಗೋಲ್ಡ್ ಫಿಶ್ ತಿಂದು ಮುಗಿಸುತ್ತೆ. ಗಂಬೂಸಿಯಾ ನೋಡೋಕೆ ಸಾಧು, ಆದರೆ ನಿಧಾನ ಮೀನುಗಳ ರೆಕ್ಕೆ ಕಚ್ಚುತ್ತೆ. ಸೊಳ್ಳೆ ಮರಿ ತಿನ್ನೋಕೆ ಗೋಲ್ಡ್ ಫಿಶ್ ಒಂದೇ ಸಾಕು.

ಕೋರಿಡೋರಸ್: ಸಣ್ಣ ಕ್ಯಾಟ್‌ಫಿಶ್, ಸಾಧು ಪ್ರಾಣಿ. ಆದರೆ ಅದರ ಪಕ್ಕದ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿದೆ. ಗೋಲ್ಡ್ ಫಿಶ್ ನುಂಗೋಕೆ ಹೋದರೆ ಮುಳ್ಳು ಗಂಟಲಲ್ಲಿ ಸಿಕ್ಕಿ ಎರಡೂ ಸಾಯ್ತವೆ.

ಆಪಲ್ ಬಸವನಹುಳು: ಮೀಸೆ ಕಂಡರೆ ಗೋಲ್ಡ್ ಫಿಶ್ ಕುಕ್ಕುತ್ತೆ. ಅದಕ್ಕಿಂತ ಮುಖ್ಯ, ಇದೇ ಗುಂಪಿನ ಗೋಲ್ಡನ್ ಆಪಲ್ ಬಸವನಹುಳು ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳಿಗೆ ದೊಡ್ಡ ಪಿಡುಗಾಗಿದೆ. ಭತ್ತ ಬೆಳೆಯೋ ಊರಲ್ಲಿ ಈ ಗುಂಪಿನ ಹುಳು ತೊಟ್ಟಿಗೆ ತರೋದೇ ಬೇಡ.

ಸಕ್ಕರ್ ಫಿಶ್: ಅಗ್ಗದ ಕ್ಲೀನರ್, ದುಬಾರಿ ತಲೆನೋವು

ಇದಕ್ಕೆ ಬೇರೆ ಜಾಗ ಇಟ್ಟಿದ್ದೀನಿ, ಯಾಕಂದ್ರೆ ಅಂಗಡಿಗಳಲ್ಲಿ ಗೋಲ್ಡ್ ಫಿಶ್ ಜೊತೆ ಹೆಚ್ಚಾಗಿ ಕೊಟ್ಟು ಕಳಿಸೋದು ಇದನ್ನೇ. "ಪಾಚಿ ತಿನ್ನುತ್ತೆ, ತೊಟ್ಟಿ ತೊಳೆಯೋ ಕೆಲಸ ಇಲ್ಲ" ಅಂತಾರೆ. ಕಪ್ಪು ಚುಕ್ಕೆ, ಗಟ್ಟಿ ಚಿಪ್ಪಿನ ಮೈ, ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರೋ ಮೀನು.

ಮರಿಯಾಗಿದ್ದಾಗ ಪಾಚಿ ತಿನ್ನೋದು ನಿಜ. ಬೆಳೆದಂತೆ ಪಾಚಿ ಸಾಲದಾಗುತ್ತೆ. ಆಗ ರಾತ್ರಿ ಹೊತ್ತು ನಿಧಾನವಾಗಿರೋ ಗೋಲ್ಡ್ ಫಿಶ್ ಮೈಗೆ ಅಂಟಿಕೊಂಡು ಲೋಳೆ ಪದರ ಹೀರುತ್ತೆ. ಆ ಲೋಳೆಯೇ ಮೀನಿನ ಚರ್ಮಕ್ಕೆ ಕಾವಲು. ಅದು ಹೋದ ಜಾಗದಲ್ಲಿ ಗಾಯ, ಗಾಯದ ಮೇಲೆ ಹತ್ತಿಯಂಥ ಬೂಸ್ಟು. ತುಮಕೂರು ಕಡೆಯ ಒಬ್ಬ ಹುಡುಗ ತಿಂಗಳುಗಟ್ಟಲೆ ಸಾಕಿದ ಒರಾಂಡಾಗಳ ಫೋಟೋ ಕಳಿಸಿದ್ದ. ಎಲ್ಲದರ ಪಕ್ಕೆಯಲ್ಲೂ ದುಂಡಗೆ ಬಿಳಿ ಕಲೆ. ಅವನು ರೋಗ ಅಂತ ಮೂರು ಥರ ಔಷಧಿ ಹಾಕಿದ್ದ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಾಕಿ ನೋಡಪ್ಪ ಅಂದೆ. ನೋಡಿದ, ಅಂಟಿಕೊಂಡಿತ್ತು.

ಅವನ ಮುಂದಿನ ಮಾತು ನನ್ನನ್ನ ಇನ್ನೂ ಹೆದರಿಸಿತು: "ಅಣ್ಣ, ಇದನ್ನ ಕೊಲ್ಲೋಕೆ ಮನಸ್ಸಿಲ್ಲ, ನಮ್ಮೂರ ಕೆರೆಗೆ ಬಿಟ್ಟುಬಿಡ್ತೀನಿ." ಪುಣ್ಯದ ಕೆಲಸ ಅಂದುಕೊಂಡೇ ಹೇಳಿದ್ದ. ಆದರೆ ಈ ಮೀನು ದಕ್ಷಿಣ ಅಮೆರಿಕದ್ದು. ಹೀಗೇ ಯಾರೋ ಬಿಟ್ಟದ್ದರಿಂದ ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳದ ನೀರುಗಳಲ್ಲಿ ನೆಲೆಯೂರಿದೆ. ಆಂಧ್ರದಲ್ಲಿ ಇದಕ್ಕೆ ದೆವ್ವದ ಮೀನು ಅಂತಲೇ ಹೆಸರು. ಮುಳ್ಳಿನಿಂದ ಬಲೆ ಹರಿಯುತ್ತೆ, ನಮ್ಮ ಮೀನುಗಳ ಆಹಾರಕ್ಕೆ ಪೈಪೋಟಿ ಕೊಡುತ್ತೆ, ಮೊಟ್ಟೆ ಇಡೋಕೆ ದಡದಲ್ಲಿ ಬಿಲ ಕೊರೆಯುತ್ತೆ. ಮಣ್ಣಿನ ಏರಿಯ ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ಬಿಲ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ನೀರು ಬತ್ತಿದರೂ ಬೇಗ ಸಾಯಲ್ಲ, ಗಾಳಿ ನುಂಗಿ ಗಂಟೆಗಟ್ಟಲೆ ಬದುಕುತ್ತೆ.

ಆ ಹುಡುಗ ಅದನ್ನ ಅಂಗಡಿಗೆ ವಾಪಸ್ ಕೊಟ್ಟ. ನಿಮ್ಮಲ್ಲೂ ಇದ್ದರೆ ಹಾಗೇ ಮಾಡಿ, ಅವರು ತಗೊಳ್ಳದಿದ್ದರೆ ಬೇರೆ ತೊಟ್ಟಿಯಲ್ಲಿಡಿ. ಕೆರೆ, ಕಾಲುವೆ, ಹಳ್ಳಕ್ಕೆ ಮಾತ್ರ ಬಿಡಬೇಡಿ. ಗೋಲ್ಡ್ ಫಿಶ್‌ಗೂ ಇದೇ ಮಾತು. ತೊಟ್ಟಿಯ ಪಾಚಿಗೆ ನಾರಿನ ಬ್ರಷ್ ಮತ್ತು ಸ್ವಲ್ಪ ನೆರಳು ಸಾಕು.

ಕೃಷಿ ಹೊಂಡಕ್ಕೆ ಬಿಡಬಹುದಾ?

ಕಟ್ಲಾ, ರೋಹು, ಮೃಗಾಲ್ ಯಾವುದೂ ಬೆಳೆದ ಗೋಲ್ಡ್ ಫಿಶ್ ತಿನ್ನಲ್ಲ. ಆದರೂ ನಾನು ಬೇಡ ಅಂತೀನಿ. ಕೆಂಪು ಮೀನು ಮಿಂಚುಳ್ಳಿಗೂ ಬೆಳ್ಳಕ್ಕಿಗೂ ದೂರದಿಂದಲೇ ಕಾಣುತ್ತೆ. ಮಳೆಗಾಲದಲ್ಲಿ ಹೊಂಡ ತುಂಬಿ ಕೋಡಿ ಬಿದ್ದರೆ ಮೀನು ಹಳ್ಳ ಸೇರುತ್ತೆ. ಹೊಂಡದಲ್ಲಿ ಕೊರವ ಮೀನು ಇದ್ದರೆ ಒಂದೂ ಉಳಿಯಲ್ಲ. ಜಿಲೇಬಿ ಮೀನು ಮೊಟ್ಟೆ ತಿಂದು, ಜಾಗಕ್ಕೆ ಜಗಳ ಮಾಡುತ್ತೆ. ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಹೇಳೋದೇ ಬೇಡ, ನಮ್ಮ ದೇಶದಲ್ಲಿ ಅದನ್ನ ಸಾಕೋದಕ್ಕೇ ನಿಷೇಧ ಇದೆ. ಬಣ್ಣದ ಮೀನು ತೊಟ್ಟಿಯಲ್ಲಿರಲಿ, ತೊಟ್ಟಿಯ ಮೇಲೆ ಬಲೆ ಇರಲಿ.

ಎಷ್ಟು ಮೀನು ಬಿಡಬೇಕು?

ಜೊತೆ ಸರಿಯಿದ್ದರೂ ಜಾಗ ಸಾಲದಿದ್ದರೆ ಎಲ್ಲಾ ವ್ಯರ್ಥ. ದುಂಡು ಜಾತಿಗೆ ಮೊದಲ ಮೀನಿಗೆ 75 ಲೀಟರ್, ಆಮೇಲೆ ಒಂದೊಂದಕ್ಕೂ 40 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಮೇಜಿನ ಮೇಲಿಡೋ ಗಾಜಿನ ಬೌಲ್ ಮೀನು ಸಾಕೋ ಪಾತ್ರೆಯೇ ಅಲ್ಲ.

ನಿಮ್ಮ ತೊಟ್ಟಿ 6 ಅಡಿ ಉದ್ದ, 4 ಅಡಿ ಅಗಲ, ನೀರು 2 ಅಡಿ ಅಂದುಕೊಳ್ಳಿ. 48 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 1,360 ಲೀಟರ್. ಫಿಲ್ಟರ್ ಇದ್ದರೆ ಲೆಕ್ಕದಲ್ಲಿ 30 ಮೀನು ಹಿಡಿಸುತ್ತೆ. ಆದರೆ ನಮ್ಮ ಹಳ್ಳಿ ಕರೆಂಟ್ ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ನಾನು 15ಕ್ಕೇ ನಿಲ್ಲಿಸ್ತೀನಿ. ಝೀಬ್ರಾ ಡ್ಯಾನಿಯೊ ಸೇರಿಸೋದಾದರೆ ಗೋಲ್ಡ್ ಫಿಶ್ ಎರಡು ಕಮ್ಮಿ ಮಾಡಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡೀತಾ ಇದ್ದರೆ ಆಮ್ಲಜನಕ ಸಾಲದು ಅಂತ ಅರ್ಥ, ತಕ್ಷಣ ಮೇಲಿನಿಂದ ಹೊಸ ನೀರು ಧುಮುಕೋ ಹಾಗೆ ಬಿಡಿ.

ಹೊಸ ತೊಟ್ಟಿಗೆ ಒಂದೇ ದಿನ ಎಲ್ಲಾ ಮೀನು ಬಿಡಬೇಡಿ. ಮಣ್ಣಿನಲ್ಲಿ ಅಮೋನಿಯವನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯ ಬಗ್ಗೆ ಕೇಳಿದ್ದೀರಿ. ಅದೇ ಗುಂಪಿನವು ತೊಟ್ಟಿಯ ಗೋಡೆ, ಕಲ್ಲು, ಫಿಲ್ಟರ್ ಸ್ಪಂಜಿನಲ್ಲೂ ಬೆಳೀಬೇಕು. ಅದಕ್ಕೆ 4ರಿಂದ 6 ವಾರ ಬೇಕು. ಮೊದಲು ಎರಡು ಮೀನು ಬಿಡಿ, ಆಹಾರ ಕಮ್ಮಿ ಹಾಕಿ, ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಿಸಿ. ಹೊಸ ಸಿಮೆಂಟ್ ತೊಟ್ಟಿ ಆದರೆ ಸುಣ್ಣದ ಅಂಶ ಬಿಟ್ಟು ರಸಸಾರ ಏರುತ್ತೆ. ಹಲವು ಸಲ ನೀರು ತುಂಬಿ, ಕೆಲವು ದಿನ ನಿಲ್ಲಿಸಿ, ಚೆಲ್ಲಿ, ರಸಸಾರ 8ರ ಒಳಗೆ ಬಂದ ಮೇಲೆ ಮೀನು ಬಿಡಿ.

ಬೋರ್‌ವೆಲ್ ನೀರಲ್ಲಿ ಆಮ್ಲಜನಕ ಕಮ್ಮಿ ಇರುತ್ತೆ. ಬೇರೆ ತೊಟ್ಟಿಗೆ ಧುಮುಕಿಸಿ ಒಂದು ರಾತ್ರಿ ಬಿಟ್ಟು ಬಳಸಿ. ಪಂಚಾಯ್ತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ, ಅದನ್ನ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಬಿಸಿಲಿಗೆ ಬಿಡಿ.

ಹೊಸ ಮೀನು ನೇರ ತೊಟ್ಟಿಗೆ ಬೇಡ

ಹೊಸ ಹಸು ತಂದರೆ ಕೊಟ್ಟಿಗೆಯಲ್ಲಿ ಬೇರೆ ಕಟ್ತೀವಲ್ಲ, ಹಾಗೇ. 100 ಲೀಟರ್ ಡ್ರಮ್ಮಿನಲ್ಲಿ 2–3 ವಾರ ಬೇರೆ ಇಡಿ. ಮೈಮೇಲೆ ರವೆಯಂಥ ಬಿಳಿ ಚುಕ್ಕೆ, ದಾರದ ಹಾಗೆ ನೇತಾಡೋ ಆಂಕರ್ ಹುಳು, ಮುದುಡಿದ ರೆಕ್ಕೆ ಇದೆಯಾ ನೋಡಿ. ಗೋಲ್ಡ್ ಫಿಶ್‌ಗೆ ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 3 ಗ್ರಾಂ, ಅಂದರೆ 100 ಲೀಟರಿಗೆ 300 ಗ್ರಾಂ ತಡೆಯುತ್ತೆ. ಒಂದೇ ಸಲ ಸುರಿಯದೆ ಎರಡು ದಿನದಲ್ಲಿ ಮೂರು ಭಾಗ ಮಾಡಿ ಕರಗಿಸಿ ಹಾಕಿ. ಬಿಳಿ ಚುಕ್ಕೆಯಂಥ ಕೆಲವು ತೊಂದರೆಗೆ ಇದು ನೆರವಾಗುತ್ತೆ. ಆಂಕರ್ ಹುಳು ಮಾತ್ರ ಉಪ್ಪಿಗೆ ಬಗ್ಗಲ್ಲ, ಅದಕ್ಕೆ ಮೀನುಗಾರಿಕೆ ತಜ್ಞರನ್ನ ಕೇಳಿ.

ಸಾವಯವ ಅಂದರೆ ಮೀನಿಗೆ ಸುರಕ್ಷಿತ ಅಂತಲ್ಲ

ಇದು ನಮ್ಮಂಥ ಸಾವಯವದವರಿಗೆ ವಿಶೇಷವಾಗಿ ಹೇಳಬೇಕು. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಮೀನಿಗೆ ಕಡು ವಿಷ ಅನ್ನೋದು ಬಹಳ ಜನರಿಗೆ ಗೊತ್ತು. ಆದರೆ ಹಿಪ್ಪೆ ಹಿಂಡಿಯೂ ಮೀನಿಗೆ ವಿಷವೇ. ಬೇಡದ ಮೀನು ತೆಗೆಯೋಕೆ ಮೀನು ಸಾಕಣೆ ಕೊಳಗಳಲ್ಲಿ ಅದನ್ನೇ ಬಳಸ್ತಾರೆ. ಬೇವಿನ ಎಣ್ಣೆ ಕಲಸಿದ ಬಕೆಟ್ಟನ್ನೂ ಮೀನಿನ ತೊಟ್ಟಿಗೆ ಅದ್ದಬೇಡಿ. ಮೀನಿಗೆ ಒಂದು ಬಕೆಟ್, ಒಂದು ಬಲೆ ಬೇರೆಯೇ ಇರಲಿ.

ಇನ್ನು ಲಾಭದ ಕಡೆ ನೋಡಿ. ತೊಟ್ಟಿಯಿಂದ ತೆಗೆದ ನೀರಲ್ಲಿ ಸಾರಜನಕ ಇದೆ. ನಾನು ಅದನ್ನ ಪಾಲಕ್, ದಂಟು, ಮೆಂತ್ಯದ ಮಡಿಗೆ ಬುಡಕ್ಕೆ ಹಾಯಿಸ್ತೀನಿ. ಉಪ್ಪು ಹಾಕಿದ ಡ್ರಮ್ಮಿನ ನೀರು ಮಾತ್ರ ಗಿಡಕ್ಕೆ ಬೇಡ. ಹಸುವಿಗೆ ಬೆಳೆಯೋ ಅಜೋಲಾದಲ್ಲಿ ಒಂದು ಹಿಡಿ ತೊಳೆದು ಹಾಕಿದರೆ ಗೋಲ್ಡ್ ಫಿಶ್ ಆಸೆಪಟ್ಟು ತಿನ್ನುತ್ತೆ.

ಮಾರಾಟದ ಯೋಚನೆ ಇದ್ದವರಿಗೆ

ಅಲಂಕಾರಿಕ ಮೀನು ಸಾಕಣೆಗೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಘಟಕದ ವೆಚ್ಚವನ್ನ 3 ಲಕ್ಷ ರೂಪಾಯಿ ಅಂತ ಇಟ್ಟು, ಸಾಮಾನ್ಯ ವರ್ಗಕ್ಕೆ 40%, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ 60% ಸಹಾಯಧನ ನಿಗದಿ ಮಾಡಲಾಗಿತ್ತು. ಈ ವರ್ಷ ಅರ್ಜಿ ಕರೆದಿದ್ದಾರಾ ಅಂತ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಹೆಸರಘಟ್ಟದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ, ಮಂಗಳೂರಿನ ಮೀನುಗಾರಿಕೆ ಕಾಲೇಜು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಕೇಳಬಹುದು. ಸಹಾಯಧನ ನಂಬಿ ತೊಟ್ಟಿ ಕಟ್ಟಬೇಡಿ. ಇರೋ ಒಂದು ತೊಟ್ಟಿಯಲ್ಲಿ ಒಂದು ಜಾತಿಯನ್ನ ಒಂದು ಬೇಸಿಗೆ ಉಳಿಸಿ ತೋರಿಸಿ, ಆಮೇಲೆ ಎರಡನೇ ತೊಟ್ಟಿ ಮಾತು.

ಈ ವಾರ ಒಂದೇ ಕೆಲಸ ಮಾಡಿ. ರಾತ್ರಿ ಊಟ ಆದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನಿಮ್ಮ ತೊಟ್ಟಿ ಹತ್ತಿರ ಐದು ನಿಮಿಷ ಕೂತು ನೋಡಿ. ಯಾರು ಯಾರನ್ನ ಅಟ್ಟಿಸ್ತಾರೆ, ಯಾರ ಬಾಲ ಹರಿದಿದೆ, ಯಾರು ಮೂಲೆ ಸೇರಿದ್ದಾರೆ ಅಂತ ಕಾಣುತ್ತೆ. ಹೊಂದದ ಮೀನನ್ನ ಅವತ್ತೇ ಬೇರೆ ಮಾಡಿ.